ಬಿಯರ್ ಮಾಡುವ ದಿನ ಎಡವಟ್ಟಾದರೆ

ಕಳೆದ ಜನವರಿಯ ಒಂದು ಶನಿವಾರ ಮಿನಿಯಾಪೊಲಿಸ್‌ನ ನಮ್ಮ ಮನೆಯಲ್ಲಿ ಗೋಧಿ ಬಿಯರ್ ಮಾಡಲು ನಿಂತೆ. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದ್ದು ಮಧ್ಯಾಹ್ನ ಎರಡಕ್ಕೆ ಮುಗಿಯಬೇಕಿತ್ತು. ಮುಗಿದದ್ದು ರಾತ್ರಿ ಎಂಟಕ್ಕೆ. ಕಾಳು ಕಟ್ಟಿಕೊಂಡಿತು, ಪಾತ್ರೆ ಉಕ್ಕಿತು, ಸಿಹಿ ಕಮ್ಮಿ ಬಂತು, ಯೀಸ್ಟ್ ಎರಡು ದಿನ ಕದಲಲಿಲ್ಲ. ಆದರೂ ಬಿಯರ್ ಚೆನ್ನಾಗಿ ಬಂತು. ಹೊಸಬರು ಇಂಥ ದಿನ ಗಾಬರಿಯಾಗಿ ಪೂರ್ತಿ ಪಾತ್ರೆ ಚೆಲ್ಲಿಬಿಡುತ್ತಾರೆ. ದಯವಿಟ್ಟು ಚೆಲ್ಲಬೇಡಿ.

(ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಳಕೆಗೆ ಬಿಯರ್ ಮಾಡಲು ಅವಕಾಶ ಸಿಕ್ಕಿತು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ, ನೆನಪಿರಲಿ.)

ಒಂದು ವಿಷಯ ಮೊದಲೇ ಮನಸ್ಸಿನಲ್ಲಿ ಕೂರಲಿ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ನೆನೆಸಿ ಬಸಿದ ಸಿಹಿ ನೀರಿಗೆ ವರ್ಟ್ ಅನ್ನುತ್ತಾರೆ. ಅದು ಕುದಿಯುವ ತನಕ ನೊಣ ಬಿದ್ದರೂ, ಸೌಟು ನೆಲಕ್ಕೆ ತಾಗಿದರೂ ಚಿಂತೆಯಿಲ್ಲ, ಕುದಿಯಲ್ಲಿ ಎಲ್ಲ ಸಾಯುತ್ತದೆ. ವರ್ಟ್ ತಣ್ಣಗಾದ ಮೇಲೆ ಮಾತ್ರ ಮುಟ್ಟುವ ಪ್ರತಿಯೊಂದು ವಸ್ತುವೂ ಸ್ಯಾನಿಟೈಜರ್‌ನಲ್ಲಿ ಮುಳುಗಿ ಎದ್ದಿರಬೇಕು.

ಈಗ ಕಾಳು ಕಟ್ಟಿಕೊಂಡದ್ದರ ವಿಷಯ. ನಾನು ನಲ್ಲಿ ಇರುವ, ಬಿಸಿ ಹಿಡಿದಿಡುವ ಕೂಲರ್ ಡಬ್ಬದಲ್ಲಿ ಮಾಲ್ಟ್ ನೆನೆಸುತ್ತೇನೆ, 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ಆಮೇಲೆ ನಲ್ಲಿ ತಿರುಗಿಸಿದರೆ ಅನ್ನದ ಗಂಜಿ ಬಸಿದ ಹಾಗೆ ಇಳಿಯಬೇಕು. ಅವತ್ತು ಒಂದು ಲೋಟದಷ್ಟು ಬಂದು ನಿಂತೇಬಿಟ್ಟಿತು. ಕಾರಣ ಗೋಧಿ. ಬಾರ್ಲಿಗೆ ಹೊಟ್ಟು ಇರುತ್ತದೆ, ಅದೇ ತಳದಲ್ಲಿ ಜರಡಿಯಾಗುತ್ತದೆ. ಗೋಧಿಗೆ ಅದಿಲ್ಲ, ಅಂಟಾಗಿ ಕೂತುಬಿಡುತ್ತದೆ. ನಾನು ಐದು ಕೆಜಿಯಲ್ಲಿ ಅರ್ಧ ಗೋಧಿ ಹಾಕಿದ್ದೆ.

ಇಂಥ ಹೊತ್ತಲ್ಲಿ ನಲ್ಲಿಯನ್ನು ಇನ್ನೂ ಜಾಸ್ತಿ ತಿರುಗಿಸಬೇಡಿ. ಕಾಳು ಮತ್ತಷ್ಟು ಒತ್ತಿಕೊಳ್ಳುತ್ತದೆ. ನಲ್ಲಿ ಮುಚ್ಚಿ. 75 ಡಿಗ್ರಿಯ ನೀರು ಎರಡು ಲೀಟರ್ ಹಾಕಿ, ಉದ್ದ ಸೌಟಿನಿಂದ ತಳದವರೆಗೂ ಮೆಲ್ಲಗೆ ಕಲಕಿ. ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ನಲ್ಲಿಯನ್ನು ಕೂದಲೆಳೆಯಷ್ಟು ತೆರೆಯಿರಿ. ಮೊದಲು ಬರುವ ಕದಡು ನೀರನ್ನು ಮೇಲಿಂದ ವಾಪಸ್ ಸುರಿಯಿರಿ, ತಿಳಿಯಾಗುವ ತನಕ. ಕಾಳಿನ ಬಿಸಿ ಮಾತ್ರ 77 ದಾಟಬಾರದು, ದಾಟಿದರೆ ಹೊಟ್ಟಿನ ಒಗರು ವರ್ಟ್‌ಗೆ ಇಳಿಯುತ್ತದೆ. ನನಗೆ ಎರಡು ಸಲ ಹೀಗೆ ಮಾಡಬೇಕಾಯಿತು. ಮೂರನೇ ಸಲ ನೂಲಿನಂತೆ ಇಳಿಯತೊಡಗಿದ ಆ ಹೊಂಬಣ್ಣದ ಧಾರೆ ನೋಡಿದಾಗ ಆದ ಸಮಾಧಾನ ಹೇಳತೀರದು.

ಈಗ ಗೋಧಿ ಇದ್ದಾಗಲೆಲ್ಲ ಕಾಲು ಕೆಜಿ ಭತ್ತದ ಹೊಟ್ಟು ತೊಳೆದು ಬೆರೆಸುತ್ತೇನೆ. ಬಿಯರ್ ಸಾಮಾನಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಊರಿನ ರೈಸ್ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿರುತ್ತಿತ್ತಲ್ಲ, ಅದೇ. ರುಚಿ ಬಿಡುವುದಿಲ್ಲ, ದಾರಿ ಮಾತ್ರ ಬಿಡುತ್ತದೆ.

ಉಕ್ಕಿದ್ದು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ. ವರ್ಟ್‌ಗೆ ಕುದಿ ಬರುವ ಹೊತ್ತಿಗೆ ಸರಿಯಾಗಿ ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು, ಹಾಕಿದೆ. ನೊರೆ ಒಂದೇ ಸಮ ಏರಿತು. ನಾನು ಕೂಗಿದ್ದು ಕೇಳಿ ಅಮ್ಮ ಅಂದಳು, "ಮೊದಲು ಉರಿ ತೆಗಿಯೋ, ಆಮೇಲೆ ನೀರು ಚಿಮುಕಿಸು. ಹಾಲು ಉಕ್ಕಿದ್ದು ನೋಡಿಲ್ವೇನೋ?" ಅದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಬೆಂಕಿ ಆರಿಸಿ, ತಣ್ಣೀರು ಚಿಮುಕಿಸಿ, ನೊರೆ ಇಳಿದ ಮೇಲೆ ಸಣ್ಣ ಉರಿಯಲ್ಲಿ ಮುಂದುವರಿಸಿ. ಪಾತ್ರೆ ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಪ್ರೊಪೇನ್ ಬರ್ನರ್ ಆದರೆ ಎಷ್ಟೇ ಚಳಿಯಿದ್ದರೂ ಹೊರಗೇ ಇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಈ ಒಂದು ಮಾತಿನಲ್ಲಿ ರಾಜಿ ಬೇಡ.

ಆಮೇಲೆ ಸಿಹಿ. ವರ್ಟ್‌ನಲ್ಲಿ ತೇಲಿಬಿಟ್ಟು ಸಿಹಿ ಅಳೆಯುವ ಹೈಡ್ರೋಮೀಟರ್ 1.045 ತೋರಿಸಬೇಕಿತ್ತು, 1.036 ತೋರಿಸಿತು. (ನೀರಿಗೆ 1.000, ಅದರ ಮೇಲಿನ ಪ್ರತಿ 0.001 ಒಂದು ಪಾಯಿಂಟ್.) ಮೊದಲು ಸ್ಯಾಂಪಲ್ ತಣ್ಣಗೆ ಮಾಡಿ ನೋಡಿ, ಬಿಸಿ ವರ್ಟ್ ಯಾವಾಗಲೂ ಕಮ್ಮಿ ತೋರಿಸುತ್ತದೆ. ಆರಿದ ಮೇಲೂ ಕಮ್ಮಿಯಿದ್ದರೆ ಲೆಕ್ಕ ಸುಲಭ. ಒಂದು ಪೌಂಡ್ ಒಣ ಮಾಲ್ಟ್ ಪುಡಿ ಒಂದು ಗ್ಯಾಲನ್‌ಗೆ ಸುಮಾರು 45 ಪಾಯಿಂಟ್ ಕೊಡುತ್ತದೆ. ನನಗೆ ಒಂಬತ್ತು ಪಾಯಿಂಟ್ ಕಮ್ಮಿ, ಐದು ಗ್ಯಾಲನ್, ಅಲ್ಲಿಗೆ 45. ಅಂದರೆ ಒಂದು ಪೌಂಡ್, 450 ಗ್ರಾಂ. ಬೆಂಕಿ ಆರಿಸಿ, ಪುಡಿ ಹಾಕಿ, ಗಂಟಿಲ್ಲದ ಹಾಗೆ ಕಲಕಿ, ಮತ್ತೆ ಕುದಿಸಿ. ಪುಡಿ ಇಲ್ಲವೇ? ಹಾಗೇ ಬಿಡಿ, ಸ್ವಲ್ಪ ಹಗುರವಾದ ಬಿಯರ್ ಆಗುತ್ತದೆ, ಅಷ್ಟೇ.

ಚೆಲ್ಲಲೇಬೇಕಾದ ಸಂದರ್ಭ ಒಂದಿದೆ. ಗಾಜಿನ ಹೈಡ್ರೋಮೀಟರ್ ಅಥವಾ ಥರ್ಮಾಮೀಟರ್ ಪಾತ್ರೆಯೊಳಗೆ ಒಡೆದರೆ ಸೋಸಿ ಉಳಿಸಲು ನೋಡಬೇಡಿ. ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ.

ಕೊನೆಗೆ ಯೀಸ್ಟ್. 20 ಡಿಗ್ರಿಗೆ ಇಳಿಸಿ ಯೀಸ್ಟ್ ಹಾಕಿ ನೆಲಮಾಳಿಗೆಯಲ್ಲಿಟ್ಟೆ. ಮರುದಿನ ಏರ್‌ಲಾಕ್‌ನಲ್ಲಿ, ಅಂದರೆ ಒಳಗಿನ ಗಾಳಿ ಹೊರಹೋಗಲು ಮುಚ್ಚಳಕ್ಕೆ ಸಿಕ್ಕಿಸಿದ ನೀರಿನ ಕೊಳವೆಯಲ್ಲಿ, ಒಂದು ಗುಳ್ಳೆಯೂ ಇಲ್ಲ. ನೋಡಿದರೆ ಅಲ್ಲಿ 13 ಡಿಗ್ರಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರದಿದ್ದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಮೇಲೆ ತಂದು, ಅಡುಗೆಮನೆ ಪಕ್ಕ ಇಟ್ಟು, ಕಂಬಳಿ ಸುತ್ತಿ, ತಳದ ಯೀಸ್ಟ್ ಏಳುವಂತೆ ಮೆಲ್ಲಗೆ ಅಲ್ಲಾಡಿಸಿದೆ. ಮೂರನೇ ದಿನ ಬೆಳಗ್ಗೆ ಅಂಚಿನಲ್ಲಿ ಬಿಳಿ ನೊರೆಯ ಉಂಗುರ ಕಂಡಿತು. 72 ಗಂಟೆ ತನಕ ಕಾಯಿರಿ. ಗುಳ್ಳೆ ನಂಬಬೇಡಿ, ಮುಚ್ಚಳ ಸಡಿಲವಿದ್ದರೂ ಗುಳ್ಳೆ ಬರುವುದಿಲ್ಲ. ಹೈಡ್ರೋಮೀಟರ್ ನೋಡಿ. ಅಂಕಿ ಇಳಿದೇ ಇಲ್ಲವೆಂದರೆ ಮಾತ್ರ ಹೊಸ ಯೀಸ್ಟ್ ಹಾಕಿ. ಒಂದು ಪ್ಯಾಕೆಟ್ ಒಣ ಯೀಸ್ಟ್ ಫ್ರಿಜ್ಜಿನಲ್ಲಿ ಯಾವಾಗಲೂ ಇರಲಿ.

ಹೀಗೆ ತಡವಾಗಿ ಶುರುವಾದ ಬಿಯರ್ ಅನ್ನು ಬಾಟಲಿಗೆ ತುಂಬಲು ಆತುರ ಬೇಡ. ಸಿಹಿ ಉಳಿದಿದ್ದರೆ ಬಾಟಲಿ ಸಿಡಿಯುತ್ತದೆ. ನನ್ನದು 1.011ಕ್ಕೆ ಬಂದು ನಿಂತಿತು. ಮೂರು ದಿನ ಬಿಟ್ಟು ನೋಡಿದಾಗಲೂ ಅದೇ ಅಂಕಿ. ಆಮೇಲೇ ಬಾಟಲಿ ತೊಳೆಯಲು ಕೂತೆ.