ಹಳೇ ಟ್ರಾಲ್ ಬೋಟ್ ಕಡಿಮೆಗೆ ಸಿಗ್ತಿತ್ತು, ತಗೊಳ್ಳೋದಾ ಬೇಡ್ವಾ ಅಂತ ನಾವು ನೋಡಿದ ರೀತಿ

ಮಾರ್ಚ್ ಏಪ್ರಿಲ್ ಹೊತ್ತಿಗೆ ನಮ್ಮ ಉಡುಪಿ ಕಡೆಯ ಗಂಗೊಳ್ಳಿ, ಮಲ್ಪೆ ಧಕ್ಕೆಯಲ್ಲಿ (ಬೋಟ್ ನಿಲ್ಲೋ ಬಂದರು ಕಟ್ಟೆ) ಒಂದು ಸುತ್ತು ಹಾಕಿದ್ರೆ ಇಂಥವರ ಬೋಟ್ ಕೊಡ್ಲಿಕ್ಕುಂಟಂತೆ ಅನ್ನೋ ಮಾತು ಕಿವಿಗೆ ಬೀಳದೇ ಇರೋದಿಲ್ಲ. ಹೊಸ ಸ್ಟೀಲ್ ಬೋಟ್ ಕಟ್ಸಿ ಎಂಜಿನ್ ಕೂರ್ಸಿ ಬಲೆ ಹಾಕಿ ನೀರಿಗಿಳಿಸೋ ಹೊತ್ತಿಗೆ ಕೋಟಿ ದಾಟುತ್ತೆ, ಅಂಥದ್ರಲ್ಲಿ 18-20 ಲಕ್ಷಕ್ಕೆ ಆಳಸಮುದ್ರಕ್ಕೆ ಹೋಗಿ ಬಲೆ ಎಳೆಯೋ ಟ್ರಾಲ್ ಬೋಟ್ ಅಂದ್ರೆ, ವರ್ಷಗಟ್ಟಲೆ ಬೇರೆಯವರ ಬೋಟಲ್ಲಿ ತಾಂಡೇಲ (ಬೋಟ್ ನಡೆಸೋನು) ಆಗಿ ದುಡಿದ ನನ್ನಂಥವನಿಗೆ ಆಸೆ ಆಗದೇ ಇರುತ್ತಾ. ಮತ್ಸ್ಯ ಸಂಪದ ಯೋಜನೆಯಲ್ಲಿ ಹೊಸ ಬೋಟಿನ ಲೆಕ್ಕವನ್ನೂ ಹಾಕಿ ನೋಡಿದ್ವಿ, ಆಗ ಅಲ್ಲಿ ಆಳಸಮುದ್ರ ಬೋಟಿಗೆ 1.20 ಕೋಟಿ ಘಟಕ ವೆಚ್ಚ (ಒಂದು ಬೋಟಿಗೆ ಹಿಡಿಯೋ ಖರ್ಚು), ಅದರಲ್ಲಿ 40 ಪರ್ಸೆಂಟ್ ಸಹಾಯಧನ (ಮಹಿಳೆಯರಿಗೆ, ಪರಿಶಿಷ್ಟರಿಗೆ 60) ಇತ್ತು, ಅಂದ್ರೆ ಉಳಿದ 72 ಲಕ್ಷ ನಾವೇ ಹುಟ್ಟಿಸ್ಬೇಕು. ಅದು ನನ್ನಿಂದಲೂ, ಜೊತೆಗೆ ಬೋಟ್ ತಗೊಳ್ಳೋಕೆ ಹೊರಟ ಭಾವನಿಂದಲೂ ಆಗೋ ಮಾತಲ್ಲ. ಹಾಗಾಗಿ ಹಳೇ ಬೋಟೇ ನೋಡೋದು ಅಂತ ಆಯ್ತು.

ಮೊದಲು ಹೇಳ್ಬೇಕಾದ್ದು ನೋಡೋ ಕಾಲದ ಬಗ್ಗೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟಿಗೆ ಕಡಲಿಗಿಳಿಯೋ ಹಾಗಿಲ್ಲ. ತುಂಬಾ ಜನ ಬೋಟ್ ನೋಡೋಕೆ ಹೊರಡೋದೇ ಆ ಎರಡು ತಿಂಗಳಲ್ಲಿ, ಬೋಟೆಲ್ಲ ಮೇಲೆ ಎಳೆದಿರುತ್ತೆ, ಅಡಿ ಚೆನ್ನಾಗಿ ಕಾಣುತ್ತೆ ಅಂತ. ಅದು ಸರಿಯೇ, ಆದರೆ ಓಡಿಸಿ ನೋಡೋಕಾಗಲ್ಲ, ಮತ್ತೆ ಅಷ್ಟೊತ್ತಿಗೆ ಓನರ್ ಪೈಂಟ್ ಬಳಿದು ಹೊಸದರ ಹಾಗೆ ಮಾಡಿರ್ತಾರೆ. ನಾವು ಹೊರಟಿದ್ದು ಏಪ್ರಿಲ್ ಕೊನೆಗೆ. ಆಗ ಬೋಟ್ ಇನ್ನೂ ಮೀನಿಗೆ ಹೋಗ್ತಾ ಇರುತ್ತೆ, ಎಂಜಿನ್ ಹೊರೆ ಹೊತ್ತಿರೋದನ್ನ ಕಣ್ಣಲ್ಲಿ ನೋಡಬಹುದು, ಓನರಿಗೂ ಮಳೆಗಾಲದ ಡಾಕಿನ (ಬೋಟ್ ಮೇಲೆ ಎಳೆಸಿ ರಿಪೇರಿ ಮಾಡಿಸೋ) ಖರ್ಚು ಬರೋ ಮೊದಲೇ ಕೈ ಬಿಡಿಸ್ಕೊಳ್ಳೋ ಮನಸ್ಸಿರುತ್ತೆ ಹಾಗಾಗಿ ರೇಟೂ ಇಳಿಯುತ್ತೆ. ಅಡಿ ನೋಡೋಕೆ ಮೇಲೆ ಎಳೆಸೋ ಖರ್ಚು ಅರ್ಧ ನಮ್ಮದು ಅಂತ ಮೊದಲೇ ಮಾತಾಡ್ಕೊಂಡ್ವಿ. ಅದಕ್ಕೆ ಒಪ್ಪದವರ ಬೋಟನ್ನ ಮುಂದೆ ನೋಡ್ಲೇ ಇಲ್ಲ.

ಕೊನೆಗೆ ಉಳಿದಿದ್ದು ಎರಡು ಬೋಟ್, ಎರಡೂ ಮರದ ಬಾಡಿ, ಮೇಲೆ ಫೈಬರ್ ಕೋಟಿಂಗ್. ಒಂದಕ್ಕೆ 18 ಲಕ್ಷ ಹೇಳ್ತಿದ್ರು, ಎಂಜಿನ್ ರಿಪೇರಿ ಆಗಿ ವರ್ಷ ಆಗಿರ್ಲಿಲ್ಲ, ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್, ಹೊಗೆ ಇಲ್ಲ, ಕ್ಯಾಬಿನ್ ಒಳಗೆ ಹೊಸ ಫಿಶ್ ಫೈಂಡರ್ ಜಿಪಿಎಸ್ ಎಲ್ಲ ಮಿಂಚ್ತಾ ಇತ್ತು. ಇನ್ನೊಂದಕ್ಕೆ 23 ಲಕ್ಷ ಹೇಳಿದ್ರು, ಅದರ ಎಂಜಿನ್ ಸುಸ್ತಾಗಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸುಮಾರು ಹೊತ್ತು ನೀಲಿ ಹೊಗೆ. ನೋಡಿದವರೆಲ್ಲ ಮೊದಲಿನದ್ದೇ ತಗೋ ಅಂದ್ರು.

ನಾವು ಬೋಟ್ ಕಟ್ಟೋ ಆಚಾರ್ರೊಬ್ಬರನ್ನ ಕರ್ಕೊಂಡು ಹೋಗಿದ್ವಿ, ವಯಸ್ಸಾದವರು, ಈಗ ಕೆಲಸ ಕಮ್ಮಿ ಮಾಡಿದ್ದಾರೆ. ಅವರು ಎಂಜಿನ್ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಕೈಯಲ್ಲಿ ಸಣ್ಣ ಸುತ್ತಿಗೆ ಒಂದು ದಪ್ಪ ದಬ್ಬಣ, ನೀರಿನ ಗೆರೆಯ ಹತ್ತಿರದಿಂದ ಶುರು ಮಾಡಿ ಗೇಣಿಗೊಂದು ಸಲ ಬಡೀತಾ ಹೋದ್ರು. ಗಟ್ಟಿ ಮರ ಇದ್ದಲ್ಲಿ ಟಣ್ ಅಂತ ಚುರುಕಾದ ಸದ್ದು, ಮೊದಲನೇ ಬೋಟಿನ ಹಿಂಭಾಗದಲ್ಲಿ ಪ್ರೊಪೆಲ್ಲರ್ ತಿರುಗಿಸೋ ಶಾಫ್ಟ್ ಹೊರಗೆ ಬರೋ ಜಾಗದ ಹತ್ತಿರ ಬಂದಾಗ ಸದ್ದು ದಪ್ ಅಂತ ಮಂಕಾಯ್ತು. ಅಲ್ಲಿ ಫೈಬರ್ ಒಂದು ಕಡೆ ಸ್ವಲ್ಪ ಉಬ್ಬಿತ್ತು, ಅಂಗೈ ಅಗಲ ಇರಬಹುದು. ಓನರನ್ನ ಕೇಳಿ ಆ ಉಬ್ಬಿದಲ್ಲಿ ಚೂರು ಕೆತ್ತಿ ದಬ್ಬಣ ಒತ್ತಿದ್ರು, ಹಿಡಿ ತನಕ ಒಳಗೆ ಹೋಯ್ತು, ಹೊರಗೆ ತೆಗೆದಾಗ ತುದಿಯಲ್ಲಿ ಕಪ್ಪು ಹಿಟ್ಟಿನ ಹಾಗೆ ಒದ್ದೆ ಮರ. "ಹ್ವಾಯ್, ಇಲ್ ಕಾಣಿ" (ಇಲ್ಲಿ ನೋಡಿ) ಅಂತ ನನ್ನನ್ನ ಕರೆದು ತೋರಿಸಿದ್ರು, ಮತ್ತೆ ಒಂದು ಮಾತೂ ಆಡ್ಲಿಲ್ಲ.

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೇನೆ ಯಾಕಂದ್ರೆ ಫೈಬರ್ ಕೋಟಿಂಗ್ ಇದೆ ಅಂದ ಕೂಡಲೇ ಬಾಡಿ ಗ್ಯಾರಂಟಿ ಅಂತ ತಿಳ್ಕೊಳ್ಳೋರು ತುಂಬಾ ಜನ. ಒಳ್ಳೇ ಒಣಗಿದ ಮರದ ಮೇಲೆ ಹಾಕಿದ ಫೈಬರ್ ಹುಳ ಬರದ ಹಾಗೆ ಕಾಯುತ್ತೆ ನಿಜ, ಆದರೆ ಒದ್ದೆ ಇರೋವಾಗಲೇ ಹಾಕಿದ್ರೆ ಅಥವಾ ಎಲ್ಲೋ ಮೊಳೆ ತೂತಿಂದ ನೀರು ಒಳಗೆ ಹೋದ್ರೆ ಆ ನೀರಿಗೆ ಹೊರಗೆ ಬರೋ ದಾರಿ ಇರೋದಿಲ್ಲ, ಮರ ಒಳಗಿಂದೊಳಗೆ ಕೊಳೆಯುತ್ತೆ, ಹೊರಗೆ ನೀಲಿ ಪೈಂಟ್ ಹೊಳೀತಾ ಇರುತ್ತೆ. ಹಲಗೆ ಒಂದೆರಡು ಹೋಗಿದ್ರೆ ಬದಲಿಸಬಹುದು, ಆದರೆ ಅಡಿ ಉದ್ದಕ್ಕೂ ಹೋಗೋ ಕೀಲ್ ಮರ, ಎಂಜಿನ್ ಕೂತಿರೋ ತೊಲೆ, ಶಾಫ್ಟ್ ಹಾದು ಹೋಗೋ ಮರ, ಈ ಮೂರು ಹೋಗಿದ್ರೆ ಆ ಬೋಟಿಗೆ ಹಾಕೋ ದುಡ್ಡಿಗೆ ಲೆಕ್ಕ ಇರೋದಿಲ್ಲ. ಹೆಬ್ಬಲಸಿನ ಅಷ್ಟು ಉದ್ದದ ಒಳ್ಳೇ ಮರ ಈಗ ಹುಡುಕಿದ್ರೂ ಸಿಗೋದು ಕಷ್ಟ, ಸಿಕ್ಕಿದ್ರೂ ಆ ಕೆಲಸ ಗೊತ್ತಿರೋ ಕೈ ಕಮ್ಮಿ ಆಗಿದೆ.

ಎರಡನೇ ಬೋಟಲ್ಲಿ ಎಲ್ಲಾ ಕಡೆ ಒಂದೇ ಸದ್ದು ಬಂತು. ಅದಕ್ಕೆ ಇನ್ನೊಂದು ಪರೀಕ್ಷೆ ಮಾಡಿದ್ವಿ, ಇದು ಖರ್ಚಿಲ್ಲದ್ದು, ಎಲ್ಲರೂ ಮಾಡಬಹುದು. ಬೋಟ್ ನೀರಲ್ಲಿರುವಾಗ ಸಂಜೆ ಅದರ ಅಡಿಯ ನೀರನ್ನ ಪೂರ್ತಿ ಪಂಪ್ ಮಾಡಿ ಖಾಲಿ ಮಾಡ್ಸಿ, ಪಂಪಿನ ವಯರ್ ತೆಗೆದು ಬಂದ್ವಿ, ಭಾವ ರಾತ್ರಿ ಬೋಟಲ್ಲೇ ಮಲಗಿದ. ಬೆಳಿಗ್ಗೆ ಕೋಲು ಇಳಿಸಿ ನೋಡಿದ್ರೆ ಎರಡು ಬೆರಳು ನೀರು, ಅದೂ ಶಾಫ್ಟಿನ ಗ್ಲ್ಯಾಂಡಿಂದ (ಶಾಫ್ಟ್ ಸುತ್ತ ನೀರು ತಡೆಯೋ ಭಾಗ) ತೊಟ್ಟು ತೊಟ್ಟಾಗಿ ಬಂದದ್ದು, ಅದು ಬಿಗಿ ಮಾಡಿದ್ರೆ ಸರಿ ಹೋಗುತ್ತೆ. ಪಂಪ್ ಆಟೋಮ್ಯಾಟಿಕ್ ಇದ್ರೆ ಎಷ್ಟು ನೀರು ಬರ್ತಿದೆ ಅಂತ ಯಾರಿಗೂ ಗೊತ್ತೇ ಆಗೋದಿಲ್ಲ, ಅದಕ್ಕೇ ವಯರ್ ತೆಗೆಯೋದು.

ಇನ್ನು ಎಂಜಿನ್. ಎರಡನೇ ಬೋಟಿಂದು ಸುಸ್ತಾಗಿದೆ ಅಂತ ಗೊತ್ತಿತ್ತು, ಎಷ್ಟು ಸುಸ್ತು ಅಂತ ಅಳೀಬೇಕಿತ್ತು. ನಮ್ಮ ಮೆಕ್ಯಾನಿಕ್ ಹುಡುಗ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಬಂದ (ಓನರ್ ಮೊದಲೇ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬನ್ನಿ ಅನ್ನಿ), ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಓಡಿಸಿ, ಆಯಿಲ್ ಹಾಕೋ ಮುಚ್ಚಳ ತೆಗೆದು ಅಂಗೈ ಹಿಡಿದ, ಬಿಸಿ ಗಾಳಿ ಜೋರಾಗಿ ಹೊರಗೆ ಬರ್ತಿತ್ತು ಅಂದ್ರೆ ಪಿಸ್ಟನ್ ರಿಂಗ್ ಸವೆದು ಹೋಗಿದೆ. ಆಯಿಲ್‌ನಲ್ಲಿ ನೀರು ಸೇರಿ ಬೆಳ್ಳಗಾಗಿರ್ಲಿಲ್ಲ, ಗೇರ್ ಬಾಕ್ಸ್ ಮುಂದೆ ಹಿಂದೆ ಹಾಕಿದಾಗ ತಡೆ ಇರ್ಲಿಲ್ಲ. ಆಮೇಲೆ ಅಳತೆ ಮಾಡಿದ ಕ್ಯಾನಿಂದ ಡೀಸೆಲ್ ಪೈಪ್ ಕೊಟ್ಟು, ಬಲೆ ಬಿಟ್ಟು ಎಳೆಯೋವಾಗ ಗಂಟೆಗೆ ಎಷ್ಟು ಕುಡಿಯುತ್ತೆ ಅಂತ ನೋಡಿದ್ವಿ. ಅದೇ ಸೈಜಿನ ಸರಿ ಇರೋ ಎಂಜಿನ್‌ಗಿಂತ ಗಂಟೆಗೆ ಹೆಚ್ಚುಕಮ್ಮಿ 3 ಲೀಟರ್ ಜಾಸ್ತಿ.

ಈ 3 ಲೀಟರನ್ನ ಸಣ್ಣದು ಅಂತ ಬಿಡಬಾರದು. ದಿನಕ್ಕೆ 20 ಗಂಟೆ ಎಂಜಿನ್ ಓಡುತ್ತೆ, ಒಂದು ಟ್ರಿಪ್ 9 ದಿನ ಅಂದ್ರೆ 540 ಲೀಟರ್, ಲೀಟರಿಗೆ 80 ರೂಪಾಯಿ ಹಿಡಿದ್ರೂ 43 ಸಾವಿರ ಹೊಗೆಯಲ್ಲಿ ಹೋಯ್ತು. ತಿಂಗಳಿಗೆ ಎರಡು ಟ್ರಿಪ್, ಆಗಸ್ಟಿಂದ ಮೇ ತನಕ ಹತ್ತು ತಿಂಗಳು, ಎಂಟೂವರೆ ಲಕ್ಷದ ಮೇಲಾಯ್ತು. ಡೀಸೆಲ್ ಐಸ್ ಎಲ್ಲ ಮೊದಲು ಕಳೆದೇ ಮತ್ತೆ ಪಾಲು ಮಾಡೋದು, ಹಾಗಾಗಿ ಡೀಸೆಲ್ ಕುಡಿಯೋ ಬೋಟಲ್ಲಿ ಕಲಾಸಿಗಳ (ಬೋಟಲ್ಲಿ ದುಡಿಯೋ ಹುಡುಗರ) ಪಾಲೂ ಕಮ್ಮಿ ಆಗುತ್ತೆ, ಹೊನ್ನಾವರ ಭಟ್ಕಳ ಕಡೆಯಿಂದ ಬರೋ ಒಳ್ಳೇ ಹುಡುಗರು ಮುಂದಿನ ಸೀಸನ್‌ಗೆ ಬೇರೆ ಬೋಟ್ ಹತ್ತುತ್ತಾರೆ. ಎಂಜಿನ್ ಪೂರ್ತಿ ಬಿಚ್ಚಿ ಸರಿ ಮಾಡೋಕೆ ಮೆಕ್ಯಾನಿಕ್ 5 ಲಕ್ಷ ಅಂದ. ಅಂದ್ರೆ ಒಂದೇ ಸೀಸನ್‌ನಲ್ಲಿ ಆ ದುಡ್ಡು ವಾಪಸ್ ಬರುತ್ತೆ. ಎಂಜಿನ್ ಹಾಳಾಗಿದ್ರೆ ಅದಕ್ಕೊಂದು ರೇಟ್ ಉಂಟು, ಬಿಲ್ ಉಂಟು, ಸರಿಯಾಗೋ ದಿನ ಉಂಟು. ಬಾಡಿ ಕೊಳೆತಿದ್ರೆ ಅದು ಯಾವುದೂ ಇಲ್ಲ, ಮತ್ತೆ ಅದು ಗೊತ್ತಾಗೋದು ದಡದಲ್ಲಲ್ಲ. ನಾನು ತೀರ್ಮಾನ ಮಾಡಿದ್ದು ಈ ಒಂದು ಲೆಕ್ಕದ ಮೇಲೆ.

ದಡದ ಮಾತು ಬಂದಾಗ ಅಮ್ಮನ ವಿಷಯ ಹೇಳ್ಬೇಕು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯ್ತು, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲಡಿಯಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ಐದು ತಿಂಗಳು ನಮ್ಮ ಕರಾವಳಿಯ ಮನೆಗಳಲ್ಲಿ ಹೇಗಿತ್ತು ಅಂತ ಇಲ್ಲಿಯವರಿಗೆ ಗೊತ್ತು. ಅಮ್ಮ ರೇಟ್ ಕೇಳ್ಲಿಲ್ಲ, ವೈರ್‌ಲೆಸ್ ಸರಿ ಉಂಟಾ ಅಂತ ಮಾತ್ರ ಕೇಳಿದ್ಲು. ಹಾಗಾಗಿ ವಿಎಚ್ಎಫ್ (ವೈರ್‌ಲೆಸ್), ಎಐಎಸ್ (ಬೋಟ್ ಎಲ್ಲಿದೆ ಅಂತ ತೋರ್ಸೋ ಯಂತ್ರ), ಲೈಫ್ ಜಾಕೆಟ್, ಲೈಫ್ ಬಾಯ್ ಇವುಗಳ ಖರ್ಚನ್ನ ಬೋಟಿನ ರೇಟಿಗೇ ಸೇರಿಸಿ ಲೆಕ್ಕ ಹಾಕಿದ್ವಿ, ಆಮೇಲೆ ನೋಡುವ ಅಂತ ಇಡ್ಲಿಲ್ಲ. ಸರ್ಕಾರದಿಂದ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಉಚಿತವಾಗಿ ಕೊಟ್ಟಿದ್ದಾರೆ, ಅದರಿಂದ ಮೊಬೈಲ್ ಸಿಗ್ನಲ್ ಸಿಗದ ಕಡೆಯಿಂದಲೂ ಸಂದೇಶ ಕಳಿಸಬಹುದು. ನೋಡ್ತಿರೋ ಬೋಟಿಗೆ ಅದು ಹಾಕಿದ್ದಾರಾ, ಯಾರ ಹೆಸರಲ್ಲಿದೆ ಅಂತ ಕೇಳಿ.

ಕಾಗದಪತ್ರಕ್ಕೆ ನಾವು ಬೋಟಿಗೆ ಕೊಟ್ಟಷ್ಟೇ ಹೊತ್ತು ಕೊಟ್ವಿ. ರಿಜಿಸ್ಟ್ರೇಷನ್ ಸರ್ಕಾರದ ಆನ್‌ಲೈನ್ ಬೋಟ್ ದಾಖಲೆ ರಿಯಲ್‌ಕ್ರಾಫ್ಟ್‌ನಲ್ಲಿರುತ್ತೆ, ಬಾಡಿ ಮೇಲೆ ಬರೆದ ನಂಬರು, ಎಂಜಿನ್ ನಂಬರು ಅದಕ್ಕೆ ತಾಳೆ ಆಗ್ಬೇಕು. ಎಂಜಿನ್ ಬದಲಿಸಿ ಇಲಾಖೆಗೆ ತಿಳಿಸದೇ ಇರೋ ಬೋಟು ಸಾಕಷ್ಟಿವೆ. ಲೈಸೆನ್ಸ್ ರಿನ್ಯೂ ಆಗಿದೆಯಾ, ಕರರಹಿತ ಡೀಸೆಲ್ ಪಾಸ್‌ಬುಕ್ ಸರಿ ಇದೆಯಾ, ಬ್ಯಾಂಕಿನ ಸಾಲ ತೀರಿದ ಪತ್ರ ಇದೆಯಾ. ಸಬ್ಸಿಡಿ ತಗೊಂಡ ಬೋಟಾದ್ರೆ ಮಾರಾಟಕ್ಕೆ ಶರತ್ತು ಇರಬಹುದು, ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಯೇ ಮುಂಗಡ ಕೊಡಿ. ಇದೆಲ್ಲಕ್ಕಿಂತ ಮುಖ್ಯ, ಕಾಗದದಲ್ಲಿ ಎಲ್ಲೂ ಇಲ್ಲದ ಸಾಲ. ಮೀನು ಏಲಂ ಹಾಕೋ ಏಜೆಂಟ್ ಹತ್ರ ಓನರ್ ಅಡ್ವಾನ್ಸ್ ತಗೊಂಡಿರ್ತಾರೆ, ಬೋಟ್ ಕೈ ಬದಲಾದ್ರೂ ಮೀನು ನನಗೇ ಹಾಕ್ಬೇಕು ಅಂತ ಅವರು ಧಕ್ಕೆಯಲ್ಲಿ ನಿಂತಿರ್ತಾರೆ. ನಾವು ಓನರನ್ನೂ ಏಜೆಂಟನ್ನೂ ಒಟ್ಟಿಗೇ ಕೂರಿಸಿ, ಬಾಕಿ ಎಷ್ಟು ಅಂತ ಬರೆಸಿ, ಅಷ್ಟನ್ನ ರೇಟಲ್ಲಿ ಕಳೆದು ನೇರ ಏಜೆಂಟಿಗೆ ಕೊಟ್ವಿ.

ಇನ್ಶೂರೆನ್ಸ್ ಬೇಡ ಅನ್ನೋರಿಗೆ ಒಂದು ಮಾತು. 2023ರ ನವೆಂಬರ್‌ನಲ್ಲಿ ದೀಪಾವಳಿ ಸಮಯ ಗಂಗೊಳ್ಳಿಯಲ್ಲಿ ಮೇಲೆ ಎಳೆದಿಟ್ಟ ಬೋಟುಗಳಿಗೆ ಬೆಂಕಿ ಬಿದ್ದು ಸಾಲಾಗಿ ಸುಟ್ಟು ಹೋದವು, ಕಡಲಿಗೆ ಹೋಗದೇ ಇದ್ದ ಬೋಟುಗಳು. ನಾವು ವ್ಯವಹಾರ ಮುಗಿಸೋ ಮೊದಲೇ ಸರ್ವೇಯರ್ ಕರೆಸಿ ಈ ಬೋಟಿಗೆ ಎಷ್ಟು ಮೊತ್ತಕ್ಕೆ ಪಾಲಿಸಿ ಸಿಗುತ್ತೆ ಅಂತ ಕೇಳಿದ್ವಿ. ಅವರು ಹೇಳಿದ ಮೊತ್ತ ಓನರ್ ಕೇಳ್ತಿದ್ದ ರೇಟಿಗಿಂತ ಸುಮಾರು ಕಮ್ಮಿ ಇತ್ತು, ಚೌಕಾಸಿಗೆ ಅದೇ ನಮ್ಮ ದೊಡ್ಡ ಆಧಾರ ಆಯ್ತು.

ಎರಡನೇ ಬೋಟ್ 19.5 ಲಕ್ಷಕ್ಕೆ ಇತ್ಯರ್ಥ ಆಯ್ತು. ಅದಕ್ಕೆ ಎಂಜಿನ್ 5 ಲಕ್ಷ, ಬಲೆ, ವೈರ್ ರೋಪ್, ಬೋರ್ಡ್ (ಬಲೆಯ ಬಾಯಿ ಅಗಲಿಸೋ ಹಲಗೆ), ಡಾಕ್, ಪೈಂಟ್, ಇನ್ಶೂರೆನ್ಸ್, ಕಲಾಸಿಗಳಿಗೆ ಸೀಸನ್ ಮೊದಲು ಕೊಡೋ ಅಡ್ವಾನ್ಸ್, ಮೊದಲ ಎರಡು ಟ್ರಿಪ್ಪಿಗೆ ಡೀಸೆಲ್ ಐಸ್ ರೇಷನ್ ಕೈಯಲ್ಲಿ ಇಟ್ಕೊಳ್ಳೋ ದುಡ್ಡು, ಎಲ್ಲ ಸೇರಿ 36 ಲಕ್ಷದ ಹತ್ರ ಬಂತು. ಈ ಮೊತ್ತ ನಾವು ಏಪ್ರಿಲ್‌ನಲ್ಲೇ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಕ್ಕೆ ಹತ್ತಿರವೇ ಇತ್ತು, ಹಾಗಾಗಿ ಬಡ್ಡಿಗೆ ಓಡೋ ಪರಿಸ್ಥಿತಿ ಬರ್ಲಿಲ್ಲ. 20 ಲಕ್ಷದ ಬೋಟ್ ತಗೊಳ್ಳೋಕೆ ಕೈಯಲ್ಲಿ 20 ಲಕ್ಷವೇ ಇದ್ರೆ ಬೇಡ, ಇನ್ನೊಂದೆರಡು ವರ್ಷ ಬೇರೆಯವರ ಬೋಟಲ್ಲೇ ದುಡೀರಿ, ನನ್ನ ತಮ್ಮನಿಗೂ ಹೀಗೇ ಹೇಳಿದ್ದೇನೆ.

ಆಗಸ್ಟಲ್ಲಿ ಇಳಿಸಿದ್ವಿ. ರಾಣಿ ಮೀನು, ಬೊಂಡಾಸ್ (ಸ್ಕ್ವಿಡ್) ಸಾಧಾರಣ ಸಿಕ್ಕಿದೆ, ಡೀಸೆಲ್ ಲೆಕ್ಕ ಮೆಕ್ಯಾನಿಕ್ ಹೇಳಿದ ಹಾಗೇ ಇಳಿದಿದೆ. ಬಲೆ ಎಳೆಯೋ ವಿಂಚಿನ ಬೇರಿಂಗ್ ಸದ್ದು ಮಾಡ್ತಿದೆ, ಮುಂದಿನ ಜೂನ್‌ನಲ್ಲಿ ಮೇಲೆ ಎಳೆದಾಗ ಅದರ ಜೊತೆ ಚುಕ್ಕಾಣಿಯ ಪಿನ್ನೂ ಬದಲಿಸ್ಬೇಕು, ಆಚಾರ್ರಿಗೆ ಈಗಲೇ ಹೇಳಿಟ್ಟಿದ್ದೇನೆ.