ನೀರಿನ ಬಾಟಲಿ ತುಂಬಿಯೇ ವಾಪಸ್ ಬಂತು: ಮಗಳನ್ನು ಶಿಶುವಿಹಾರಕ್ಕೆ ಎರಡು ಸಲ ಸೇರಿಸಿದ ಅನುಭವ

ಮೂರನೇ ವಾರದ ಬುಧವಾರ. ಮಗಳ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ತೊಳೆಯಲು ಹೋದೆ. ಬೆಳಿಗ್ಗೆ ನಾನು ತುಂಬಿಸಿದ ನೀರು ಹಾಗೆಯೇ ಇತ್ತು. ಹಿಂದಿನ ದಿನವೂ ಹೀಗೇ ಇತ್ತಲ್ಲ ಎಂದು ಆಗ ನೆನಪಾಯಿತು. ಅದರ ಹಿಂದಿನ ದಿನವೂ.

"ಪುಟ್ಟಿ, ನೀರು ಯಾಕೆ ಕುಡಿದಿಲ್ಲ?"

"ಕುಡಿದ್ರೆ ಸುಸು ಬರುತ್ತಮ್ಮ."

"ಬಂದ್ರೆ ಮಿಸ್‌ಗೆ ಹೇಳು."

ಅವಳು ತಲೆ ಅಲ್ಲಾಡಿಸಿದಳು. "ಹೇಳಿದ್ರೆ ಮಿಸ್‌ಗೆ ಕೇಳ್ಸಲ್ಲ."

ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ನನ್ನ ಮಗಳು ಹನಿ ನೀರು ಕುಡಿಯದೆ, ಒಂದು ಸಲವೂ ಶೌಚಾಲಯಕ್ಕೆ ಹೋಗದೆ ತಡೆದುಕೊಂಡು ಕೂತಿರುತ್ತಿದ್ದಳು. ನಾಲ್ಕು ವರ್ಷ ತುಂಬಿ ಆಗಿನ್ನೂ ಒಂದು ತಿಂಗಳಾಗಿತ್ತು. ಆ ವಾರವೆಲ್ಲ ಅವಳಿಗೆ ಹೊಟ್ಟೆ ಕಟ್ಟಿತ್ತು. ನಾವು ಊಟ ಸರಿ ಹೋಗಿಲ್ಲ ಅಂದುಕೊಂಡಿದ್ದೆವು. ಮಕ್ಕಳ ಡಾಕ್ಟರ್ ಕೇಳಿದ ಕೂಡಲೇ ಹೇಳಿದರು: ಹೀಗೆ ತಡೆದುಕೊಳ್ಳುವ ಮಕ್ಕಳಿಗೆ ಮಲಬದ್ಧತೆಯೂ ಬರುತ್ತದೆ, ಮೂತ್ರದ ಸೋಂಕೂ ಬರಬಹುದು.

ಆ ಟೀಚರ್ ಮೇಲೆ ನನಗೆ ಕೋಪವಿಲ್ಲ. ಒಂದು ಕೋಣೆಯಲ್ಲಿ ಮೂವತ್ತಕ್ಕೂ ಜಾಸ್ತಿ ಮಕ್ಕಳು, ಅವರೊಬ್ಬರೇ. ನನ್ನ ಮಗಳದ್ದು ಸಣ್ಣ ದನಿ. ಅಪರಿಚಿತರ ಮುಂದೆ ಅದು ಇನ್ನೂ ಸಣ್ಣದಾಗುತ್ತದೆ. ಅವಳು ಹೇಳಿದ್ದು ನಿಜ. ಕೇಳಿಸುತ್ತಿರಲಿಲ್ಲ.

ನಾವು ಆ ವಯಸ್ಸಿಗೆ, ಆ ಜಾಗಕ್ಕೆ ಸೇರಿಸಿದ್ದು ಯಾಕೆ ಎಂದು ಈಗ ಯೋಚಿಸಿದರೆ ಕಾರಣ ತುಂಬಾ ಸರಳ. ಪ್ರವೇಶಕ್ಕೆ ನಾಲ್ಕು ತುಂಬಿರಬೇಕಾದ ಕೊನೆಯ ದಿನಾಂಕಕ್ಕೆ ಒಂಬತ್ತು ದಿನ ಮೊದಲು ಅವಳಿಗೆ ನಾಲ್ಕು ತುಂಬಿತು. "ಸೇರಿಸಬಹುದು" ಅಂದರು. ನಾವು ಅದನ್ನು "ಸೇರಿಸಬೇಕು" ಎಂದು ಕೇಳಿಸಿಕೊಂಡೆವು. ಮೇಲಾಗಿ ಅವಳಿಗೆ ಅಕ್ಷರ ಬರುತ್ತಿತ್ತು, ಐವತ್ತರವರೆಗೆ ಎಣಿಸುತ್ತಿದ್ದಳು. ಚೂಟಿ ಹುಡುಗಿ, ಮನೆಯಲ್ಲಿ ಇಟ್ಟುಕೊಂಡರೆ ಒಂದು ವರ್ಷ ಸುಮ್ನೆ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ನನಗೂ ಹಾಗೇ ಅನಿಸಿತು. ಜಾಗ ಆರಿಸಿದ್ದು ಇನ್ನೂ ಬೇಗ. ಕಟ್ಟಡ ಚೆನ್ನಾಗಿತ್ತು, ಗೋಡೆ ತುಂಬಾ ಚಿತ್ರಗಳಿದ್ದವು, ನಾವು ನೋಡಲು ಹೋಗಿದ್ದು ಒಂದು ಶನಿವಾರ ಮಧ್ಯಾಹ್ನ. ಒಳಗೆ ಒಂದು ಮಗುವೂ ಇರಲಿಲ್ಲ. ಮಕ್ಕಳಿಲ್ಲದ ಶಿಶುವಿಹಾರ ನೋಡಿ ನಿರ್ಧಾರ ಮಾಡಿದ್ದೆವು.

ಬುಧವಾರ ರಾತ್ರಿ ಮಾತಾಡಿಕೊಂಡೆವು. ಇನ್ನೊಂದು ತಿಂಗಳು ನೋಡೋಣ, ಅಭ್ಯಾಸವಾಗುತ್ತದೆ ಎಂದು ನನ್ನ ಗಂಡ ಹೇಳಿದರು. ಅದರಲ್ಲೂ ಹುರುಳಿತ್ತು. ಮೊದಲ ವಾರಗಳಲ್ಲಿ ಅಳುವುದು ಸಹಜ, ಅಳುವಿಗೆ ಹೆದರಿ ಬಿಡಿಸುವುದು ಸರಿಯಲ್ಲ. ಆದರೆ ಇವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಯಾರಾದರೂ ಹತ್ತಿರ ಬರುತ್ತಿದ್ದರೋ ಏನೋ. ಇವಳು ಸುಮ್ಮನೆ ತನ್ನ ದೇಹವನ್ನೇ ಬಿಗಿ ಹಿಡಿದುಕೊಂಡಿದ್ದಳು. ಅದು ಅಭ್ಯಾಸವಾಗುವುದು ಬೇಡ ಎಂದು ನನಗನಿಸಿತು. ಶುಕ್ರವಾರ ಬಿಡಿಸಿದೆವು. ಕಟ್ಟಿದ ಫೀಸು ವಾಪಸ್ ಬರಲಿಲ್ಲ.

ಆಮೇಲೆ ಒಂದಿಷ್ಟು ದಿನ ನಾನು ಓದಿದೆ. ಹೆಚ್ಚಾಗಿ ರಾತ್ರಿ, ಅವಳು ಮಲಗಿದ ಮೇಲೆ. ನನಗೆ ಬೇಕಿದ್ದದ್ದು ಒಂದೇ ಉತ್ತರ: ಸರಿಯಾದ ವಯಸ್ಸು ಯಾವುದು? ಅಂಥದ್ದೊಂದು ವಯಸ್ಸು ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಹೆಚ್ಚಿನ ಮಕ್ಕಳು ನಾಲ್ಕಕ್ಕೇ ರಿಸೆಪ್ಷನ್ ಎಂಬ ಶಾಲೆಯ ಮೊದಲ ತರಗತಿಗೆ ಹೋಗುತ್ತಾರೆ. ಫಿನ್ಲೆಂಡಿನಲ್ಲಿ ಶಾಲೆ ಶುರುವಾಗುವುದು ಏಳಕ್ಕೆ, ಅದಕ್ಕೂ ಮೊದಲು ಆರರಲ್ಲಿ ಒಂದು ವರ್ಷದ ಪೂರ್ವತಯಾರಿ. ಎರಡೂ ಕಡೆ ಮಕ್ಕಳು ಓದಲು ಕಲಿಯುತ್ತಾರೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬೇರೆ ಲೆಕ್ಕ. ಒಂದೇ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡ ಮಗುವಿಗೂ ಎಲ್ಲರಿಗಿಂತ ಚಿಕ್ಕ ಮಗುವಿಗೂ ಹೆಚ್ಚುಕಡಿಮೆ 12 ತಿಂಗಳ ಅಂತರ. ನಮಗೆ ಅದು ಏನೂ ಅಲ್ಲ. ನಾಲ್ಕು ವರ್ಷದ ಮಗುವಿಗೆ ಅದು ಅದರ ಬದುಕಿನ ಕಾಲು ಭಾಗ! ಇವಳು ಆ ಚಿಕ್ಕ ತುದಿಯಲ್ಲಿದ್ದಳು. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ಮಕ್ಕಳ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಅಲ್ಲಿ ಕೆಲವು ರಾಜ್ಯಗಳಲ್ಲಿ ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ರ ಒಳಗೆ ಐದು ತುಂಬಿರಬೇಕು. ಆ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿ ತರಗತಿಯಲ್ಲಿ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಟಪಟಿಸುವ ತೊಂದರೆ) ಇದೆ ಎಂದು ಗುರುತಿಸಿದ್ದು, ಸೆಪ್ಟೆಂಬರ್‌ನಲ್ಲಿ ಹುಟ್ಟಿ ದೊಡ್ಡವರಾದ ಮಕ್ಕಳಿಗಿಂತ ಸುಮಾರು ಶೇಕಡ 34ರಷ್ಟು ಜಾಸ್ತಿ. ಆ ದಿನಾಂಕದ ನಿಯಮ ಇಲ್ಲದ ಕಡೆ ಇಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಚಿಕ್ಕ ಮಗು ಚಿಕ್ಕದಾಗಿ ಇದ್ದದ್ದೇ ಎಷ್ಟೋ ಸಲ ತೊಂದರೆಯ ಹಾಗೆ ಕಂಡಿರಬಹುದು. ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮಗಳ ಡೈರಿಯಲ್ಲಿ ಎರಡನೇ ವಾರವೇ "ಗಮನ ಕೊಡುವುದಿಲ್ಲ" ಎಂದು ಬರೆದು ಕಳಿಸಿದ್ದರು.

ಹಾಗಂತ ಕಾಯುವುದೇ ಎಲ್ಲರಿಗೂ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ತರಗತಿಯಲ್ಲಿ ದೊಡ್ಡವರಿಗೆ ಓದಿನಲ್ಲಿ ಸಿಗುವ ಮುನ್ನಡೆ ವರ್ಷ ಕಳೆದಂತೆ ಕಡಿಮೆಯಾಗುತ್ತಾ ಬರುತ್ತದೆ. ಮಾತು ತಡವಾಗಿರುವ ಮಗುವನ್ನೋ ಕಿವಿ ಸರಿಯಾಗಿ ಕೇಳಿಸದ ಮಗುವನ್ನೋ "ಇನ್ನೊಂದು ವರ್ಷ ಬಿಡಿ, ಸರಿ ಹೋಗುತ್ತದೆ" ಎಂದು ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪು. ಅಂಥ ಮಗುವಿಗೆ ಪರೀಕ್ಷೆ ಬೇಗ ಆಗಬೇಕು, ಸಹಾಯ ಬೇಗ ಸಿಗಬೇಕು. ನಾವೂ ಕಾಯುವ ನಿರ್ಧಾರ ಮಾಡುವ ಮೊದಲು ಅವಳ ಕಿವಿ ಪರೀಕ್ಷೆ ಮಾಡಿಸಿದೆವು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಕಾಯುವ ಮಾತೇ ಬರುವುದಿಲ್ಲ, ಅದೂ ಗೊತ್ತು. ನಮ್ಮ ಅತ್ತೆ ಜೊತೆಗಿದ್ದರು. ಹಾಗಾಗಿ ನಮಗೆ ಸಾಧ್ಯವಾಯಿತು.

ಆ ಒಂದು ವರ್ಷ ನಾವು ಅಕ್ಷರ ಮುಟ್ಟಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಕ್ಷರ, ಗೊತ್ತಿಲ್ಲದೇ ಇದ್ದದ್ದು ಬೇರೆ. ತನ್ನ ಚಡ್ಡಿಯ ಗುಂಡಿ ಬಿಚ್ಚಿ ಹಾಕಿಕೊಳ್ಳುವುದು. ಡಬ್ಬಿಯ ಮುಚ್ಚಳ ತೆಗೆಯುವುದು. ಚಪ್ಪಲಿ ಎಡ ಬಲ ನೋಡಿ ಹಾಕಿಕೊಳ್ಳುವುದು. ಇವುಗಳಿಗಿಂತ ಮುಖ್ಯವಾದದ್ದು, ಮನೆಯವರಲ್ಲದ ಒಬ್ಬ ದೊಡ್ಡವರ ಹತ್ತಿರ ಹೋಗಿ ತನಗೆ ಬೇಕಾದ್ದನ್ನು ಕೇಳುವುದು. ಇದಕ್ಕೆ ನಾವು ದಿನಾ ಚಿಕ್ಕ ಚಿಕ್ಕ ಅವಕಾಶ ಮಾಡಿಕೊಟ್ಟೆವು. ಪಕ್ಕದ ಮನೆಗೆ ಹೋಗಿ ಕತ್ತರಿ ಕೇಳಿ ತರುವುದು. ಗ್ರಂಥಾಲಯದಲ್ಲಿ ಚಿತ್ರದ ಪುಸ್ತಕ ಎಲ್ಲಿದೆ ಎಂದು ತಾನೇ ಕೇಳುವುದು. ಮೊದಲ ತಿಂಗಳು ನನ್ನ ಸೆರಗು ಬಿಡುತ್ತಿರಲಿಲ್ಲ. ನಾನು ಅವಳ ಪರವಾಗಿ ಮಾತಾಡುವ ಚಟವನ್ನೂ ಬಿಡಬೇಕಾಯಿತು. ಅದು ನನಗೇ ಕಷ್ಟವಾಯಿತು. ಆರೇಳು ತಿಂಗಳ ಹೊತ್ತಿಗೆ ಪಕ್ಕದ ಮನೆಯವರು, "ನಿಮ್ಮ ಪುಟ್ಟಿ ಇವತ್ತು ಎರಡು ಸಲ ಕೂಗಿದಳು, ನನಗೆ ಮೊದಲನೇ ಸಲ ಕೇಳಿಸಲಿಲ್ಲ" ಎಂದರು. ಎರಡನೇ ಸಲ ಕೂಗಿದ್ದಾಳೆ! ಅಂದು ರಾತ್ರಿ ಈ ಸಲ ಸೇರಿಸಬಹುದು ಎಂದು ಗಂಡನಿಗೆ ಹೇಳಿದೆ.

ಆಮೇಲೆ ಜಾಗ ಹುಡುಕಲು ಶುರು ಮಾಡಿದೆವು. ಮೂರು ಕಡೆ ಹೋದೆವು. ಈ ಸಲ ಶನಿವಾರ ಹೋಗಲಿಲ್ಲ. ಮಕ್ಕಳು ಬರುವ ಹೊತ್ತಿಗೇ ಹೋಗಿ, ಒಂದು ಗಂಟೆ ಮೂಲೆಯಲ್ಲಿ ಕೂರಲು ಬಿಡಿ ಎಂದು ಕೇಳಿದೆವು. ಮೊದಲನೆಯ ಕಡೆ ಬಿಡಲಿಲ್ಲ, ಗೇಟಿನ ಒಳಗೆ ತಂದೆತಾಯಿ ಬರುವಂತಿಲ್ಲ ಎಂದರು. ಮಕ್ಕಳ ಸುರಕ್ಷತೆಗೆ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಸೇರಿಸುವ ಮೊದಲು ಒಂದು ಸಲವಾದರೂ ತರಗತಿ ನಡೆಯುವುದನ್ನು ನೋಡಲು ಬಿಡದ ಕಡೆ ನಾನು ಮಗುವನ್ನು ಬಿಡಲಾರೆ.

ಎರಡನೆಯ ಕಡೆ ಮಕ್ಕಳು ಶಿಸ್ತಾಗಿ ಕೂತು ಸಾಲುಸಾಲು ಬರೆಯುತ್ತಿದ್ದರು. ನಾಲ್ಕು ವರ್ಷದ ಮಕ್ಕಳು. ಒಂದು ಹುಡುಗ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಟೀಚರ್ ಮೂರು ಸಲ ಬೆರಳು ಬಿಡಿಸಿ ಸರಿ ಮಾಡಿದರು. ಮಣಿಕಟ್ಟಿನಲ್ಲಿ ಇರುವುದು 8 ಪುಟ್ಟ ಮೂಳೆಗಳು. ಹುಟ್ಟುವಾಗ ಅವೆಲ್ಲ ಮೆದು. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ, ನಾಲ್ಕೈದು ವರ್ಷಕ್ಕೂ ಎಲ್ಲವೂ ಆಗಿರುವುದಿಲ್ಲ. ಬೆರಳಿನ ಹಿಡಿತವೂ ನಿಧಾನವಾಗಿ ಬಲಿಯುತ್ತದೆ. ಆ ವಯಸ್ಸಿಗೆ ಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದೇ ಬರವಣಿಗೆಯ ತಯಾರಿ. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗುಂಡು, ಮರದ ಘನಗಳು. 1840ರಲ್ಲಿ ಅವರು ಇಟ್ಟ ಆ ಹೆಸರಿನ ಅರ್ಥವೇ ಮಕ್ಕಳ ತೋಟ. ಆ ತರಗತಿಯಲ್ಲಿ ನನಗೆ ತೋಟ ಕಾಣಲಿಲ್ಲ.

ಮೂರನೆಯದು ಹಳೆಯ ಕಟ್ಟಡ. ಗೋಡೆ ಬಣ್ಣ ಅಲ್ಲಲ್ಲಿ ಹೋಗಿತ್ತು. ಎರಡು ಕೋಣೆ, ಒಂದು ಅಂಗಳ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆವು. ಒಬ್ಬ ಹುಡುಗ ಅಪ್ಪನ ಕಾಲು ಹಿಡಿದುಕೊಂಡು ಅಳುತ್ತಿದ್ದ. ಟೀಚರ್ ಬಂದು ಅವನನ್ನು ಎಳೆಯಲಿಲ್ಲ, "ಅಳಬಾರದು" ಎನ್ನಲಿಲ್ಲ, ಏನೋ ಕೊಡುತ್ತೇನೆಂದು ಆಸೆ ತೋರಿಸಲಿಲ್ಲ. ಅವನ ಎತ್ತರಕ್ಕೆ ಕೂತರು. "ಅಪ್ಪ ಹೋಗೋದು ಬೇಜಾರಾಗ್ತಿದೆ ಅಲ್ವಾ? ಮಧ್ಯಾಹ್ನ ಬರ್ತಾರೆ. ಅಲ್ಲಿವರೆಗೆ ನನ್ನ ಹತ್ರ ಇರು" ಎಂದು ಕೈ ಚಾಚಿದರು. ಅವನು ಕೈ ಹಿಡಿಯಲು ನಾಲ್ಕೈದು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಅವರು ಹಾಗೇ ಕೂತಿದ್ದರು. ಉಳಿದ ಮಕ್ಕಳನ್ನು ಇನ್ನೊಬ್ಬ ಟೀಚರ್ ನೋಡಿಕೊಳ್ಳುತ್ತಿದ್ದರು. ಎಣಿಸಿದೆ: ಇಬ್ಬರಿಗೆ ಹತ್ತೊಂಬತ್ತು ಮಕ್ಕಳು. ಈ ವಯಸ್ಸಿಗೆ ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕೆಂದು ಓದಿದ್ದೆ. ಅದು ಯಾಕೆ ಎಂದು ಅಲ್ಲಿ ಕಣ್ಣಾರೆ ಕಂಡೆ. ಇನ್ನೊಬ್ಬರು ಇಲ್ಲದಿದ್ದರೆ ಆ ನಾಲ್ಕೈದು ನಿಮಿಷ ಅವರಿಗೆ ಎಲ್ಲಿಂದ ಬರಬೇಕಿತ್ತು?

ಶೌಚಾಲಯ ತೋರಿಸಿ ಎಂದು ಕೇಳಿದೆ. ತರಗತಿಗೇ ಅಂಟಿಕೊಂಡಿತ್ತು, ಕಮೋಡು ಚಿಕ್ಕದು, ಕೈ ತೊಳೆಯುವ ನಲ್ಲಿ ಮಕ್ಕಳ ಎತ್ತರಕ್ಕಿತ್ತು. ಕೇಳಿದ ಪ್ರಶ್ನೆಗಳು ಕೆಲವೇ. ಆಟಕ್ಕೆ ಹೊರಗೆ ಎಷ್ಟು ಹೊತ್ತು ಬಿಡುತ್ತೀರಿ? ಮಗು ಒದ್ದೆ ಮಾಡಿಕೊಂಡರೆ ಯಾರು ಬಟ್ಟೆ ಬದಲಾಯಿಸುತ್ತಾರೆ, ಆಗ ಏನು ಹೇಳುತ್ತಾರೆ? ಈ ಟೀಚರ್‌ಗಳು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಒಬ್ಬರು ಏಳು, ಇನ್ನೊಬ್ಬರು ನಾಲ್ಕು ವರ್ಷ. ಟೀಚರ್ ಪದೇ ಪದೇ ಬದಲಾಗುವ ಕಡೆ ಮಗು ಪ್ರತಿ ಸಲವೂ ಹೊಸದಾಗಿ ನಂಬಿಕೆ ಕಟ್ಟಬೇಕು. ಕೊನೆಗೆ ಇನ್ನೊಂದು ಕೇಳಿದೆ, ತಡವಾಗಿ ಸೇರಿಸುವವರು ಇದನ್ನು ಮರೆಯದೆ ಕೇಳಿ: ಐದು ತುಂಬಿದ ಮಗುವನ್ನು ಮೊದಲ ವರ್ಷಕ್ಕೇ ತೆಗೆದುಕೊಳ್ಳುತ್ತೀರಾ ಅಥವಾ ವಯಸ್ಸು ನೋಡಿ ನೇರವಾಗಿ ಮುಂದಿನ ತರಗತಿಗೆ ಹಾಕುತ್ತೀರಾ? ಮುಂದಿನದಕ್ಕೆ ಹಾಕಿದರೆ ಕಾದು ಏನು ಬಂತು? ಇಲ್ಲಿ ಮೊದಲ ವರ್ಷಕ್ಕೇ ಒಪ್ಪಿದರು. ಮುಂದೆ ಸೇರುವ ಶಾಲೆಯಲ್ಲೂ ಈ ವಯಸ್ಸು ನಡೆಯುತ್ತದಾ ಎಂದು ಆ ವಾರವೇ ವಿಚಾರಿಸಿಕೊಂಡೆವು.

ದೂರದ ಬಗ್ಗೆ ನಮ್ಮಲ್ಲಿ ಚರ್ಚೆ ಆಯಿತು. ಎರಡನೆಯದಕ್ಕೆ ವ್ಯಾನ್ ಇತ್ತು, ಹೋಗಿ ಬರಲು ಒಂದೂವರೆ ಗಂಟೆ. ಇದು ನಡೆದು ಹೋಗುವಷ್ಟು ಹತ್ತಿರ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ವ್ಯಾನಿನ ಒಂದೂವರೆ ಗಂಟೆಯನ್ನು ಆಟದಿಂದ ಕಳೆಯಬೇಕು, ಇಲ್ಲ ನಿದ್ದೆಯಿಂದ ಕಳೆಯಬೇಕು. ಚರ್ಚೆ ಅಲ್ಲಿಗೆ ಮುಗಿಯಿತು.

ಸೇರಿಸಿದ ಮೊದಲ ಎರಡು ದಿನ ಒಂದೊಂದು ಗಂಟೆ, ನಾನು ಬೆಂಚಿನ ಮೇಲೆ. ಮೂರನೇ ದಿನ ಎರಡು ಗಂಟೆ, ನಾನು ಗೇಟಿನ ಹೊರಗೆ. ಎರಡನೇ ವಾರ ಪೂರ್ತಿ ಹೊತ್ತು. ಅವಳು ಆಟದಲ್ಲಿ ಮೈಮರೆತಾಗ ಸದ್ದಿಲ್ಲದೆ ಜಾರಿಕೊಳ್ಳಬೇಕು ಎಂದು ಬಹಳ ಜನ ಹೇಳಿದ್ದರು. ಹಳೆಯ ಜಾಗದಲ್ಲಿ ನಾನು ಹಾಗೇ ಮಾಡಿದ್ದೆ. ತಿರುಗಿ ನೋಡಿದಾಗ ಅಮ್ಮ ಇಲ್ಲದಿದ್ದರೆ, ಮರುದಿನ ಆಟ ಆಡುವ ಬದಲು ಮಗು ಬಾಗಿಲನ್ನೇ ನೋಡುತ್ತಾ ಕೂರುತ್ತದೆ. ಈ ಸಲ ಪ್ರತಿದಿನ ಎದುರಿಗೇ ಹೇಳಿದೆ: "ನಾನು ಹೋಗ್ತೀನಿ. ನೀನು ಡಬ್ಬಿ ಖಾಲಿ ಮಾಡಿ, ಕಥೆ ಕೇಳಿ ಆದ್ಮೇಲೆ ಬರ್ತೀನಿ." ಗಡಿಯಾರದ ಗಂಟೆ ಅವಳಿಗೆ ಗೊತ್ತಾಗುವುದಿಲ್ಲ, ಕಥೆ ಮುಗಿಯುವುದು ಗೊತ್ತಾಗುತ್ತದೆ. ಮೊದಲ ಐದು ದಿನ ಅತ್ತಳು. ಆರನೇ ದಿನ ಅಳು ಬಂದರೂ ಟೀಚರ್ ಕೈ ಹಿಡಿದುಕೊಂಡೇ ಅತ್ತಳು.

ಎಂಟನೇ ದಿನ ಬಾಟಲಿ ಅರ್ಧ ಖಾಲಿಯಾಗಿತ್ತು. ಅಡುಗೆಮನೆಯಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಅತ್ತೆಗೂ ತೋರಿಸಿದೆ.

ಈಗ ಮಗನ ಸರದಿ. ಮುಂದಿನ ಪ್ರವೇಶದ ಹೊತ್ತಿಗೆ ಅವನಿಗೆ ನಾಲ್ಕು ತುಂಬಿ ಎರಡು ತಿಂಗಳಾಗಿರುತ್ತದೆ. ಅವನೂ ಚಿಕ್ಕವರ ಸಾಲಿನಲ್ಲೇ. ಅಕ್ಷರ ಒಂದೂ ಬರುವುದಿಲ್ಲ. ಆದರೆ ಮೊನ್ನೆ ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ಎದ್ದು ಹೋಗಿ, ಗುರುತಿಲ್ಲದ ನರ್ಸ್ ಹತ್ತಿರ "ನಂಗೆ ಸುಸು ಬಂದಿದೆ, ಎಲ್ಲಿ ಹೋಗಬೇಕು?" ಎಂದು ಕೇಳಿ ಬಂದ. ಅವನನ್ನು ಕಾಯಿಸುವುದಿಲ್ಲ, ಈ ವರ್ಷವೇ ಸೇರಿಸುತ್ತೇವೆ. ಮುಂದಿನ ವಾರ ಅವನನ್ನು ಕರೆದುಕೊಂಡು ಅದೇ ಬೆಂಚಿನ ಮೇಲೆ ಒಂದು ಗಂಟೆ ಕೂತು ಬರಬೇಕು. ಆ ಇಬ್ಬರು ಟೀಚರ್ ಇನ್ನೂ ಅಲ್ಲೇ ಇದ್ದಾರಾ ಎಂದು ಮೊದಲು ಕೇಳಬೇಕು.