ಲೈಫ್‌ರೇ ಪೋರ್ಟಲ್‌ಗೆ ಇಮೇಲ್ ಜೋಡಿಸುವಾಗ ನಾನು ಪಾಲಿಸುವ ಕ್ರಮ

ನಾನು ನೋಡಿಕೊಳ್ಳುವುದು ಲೈಫ್‌ರೇ ಎಂಬ ತಂತ್ರಾಂಶದ 7 ಸರಣಿಯಲ್ಲಿ ಕಟ್ಟಿದ ಪೋರ್ಟಲ್, ಅಂದರೆ ನೌಕರರು ಬಳಸುವ ವೆಬ್‌ಸೈಟ್. ಸರ್ವರ್ ಇರುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯೊಳಗೆ, ಮೇಲ್ ಸರ್ವರ್ ಹೊರಗೆ. ರಜೆ ಅರ್ಜಿ, ಶಿಫ್ಟ್ ಬದಲಾವಣೆ, ಹೊಸ ಪಾಸ್‌ವರ್ಡ್ ಎಲ್ಲಕ್ಕೂ ಪೋರ್ಟಲ್ಲೇ ಮೇಲ್ ಕಳಿಸಬೇಕು. ಕೆಲಸ ಶುರುಮಾಡುವ ಮೊದಲೇ ತಿಳಿದಿರಬೇಕಾದ ಒಂದು ವಿಷಯವಿದೆ: ಹೋಗದ ಮೇಲನ್ನು ಇಟ್ಟುಕೊಂಡು ಆಮೇಲೆ ಮತ್ತೆ ಕಳಿಸುವ ಕೆಲಸವನ್ನು ಪೋರ್ಟಲ್ ಮಾಡುವುದಿಲ್ಲ. ಮೇಲನ್ನು ಮೆಸೇಜ್ ಬಸ್‌ಗೆ, ಅಂದರೆ ಪೋರ್ಟಲ್‌ನೊಳಗೆ ಕೆಲಸಗಳನ್ನು ದಾಟಿಸುವ ವ್ಯವಸ್ಥೆಗೆ, ಒಪ್ಪಿಸಿದ ಕೂಡಲೇ ಪರದೆಯ ಮೇಲೆ ಎಲ್ಲ ಸರಿಯಾಯಿತು ಎಂದು ಬರುತ್ತದೆ. ನಿಜವಾಗಿ ಕಳಿಸುವುದು ಅದರ ನಂತರ, ಹಿನ್ನೆಲೆಯಲ್ಲಿ. ಆ ಹೊತ್ತಿಗೆ ಇಂಟರ್ನೆಟ್ ಲೈನ್ ಬಿದ್ದಿದ್ದರೆ ಲಾಗ್‌ನಲ್ಲಿ ಒಂದು ಎರರ್ ಉಳಿಯುತ್ತದೆ, ಮೇಲ್ ಕಳೆದುಹೋಗುತ್ತದೆ. ಆಯುಧ ಪೂಜೆಯ ಹಿಂದಿನ ವಾರ ರಜೆ ಅರ್ಜಿಗಳು ಸಾಲುಗಟ್ಟಿ ಬರುವಾಗ ಅರ್ಧ ಗಂಟೆ ಲೈನ್ ಹೋದರೆ ಎಷ್ಟು ಜನರಿಗೆ ಉತ್ತರ ತಲುಪಲಿಲ್ಲ ಎಂದು ಹುಡುಕುವುದೇ ಒಂದು ದಿನದ ಕೆಲಸ.

ಹಾಗಾಗಿ ಪೋರ್ಟಲ್ ನೇರವಾಗಿ ಹೊರಗಿನ ಸರ್ವರ್ ಜೊತೆ ಮಾತಾಡಲು ನಾನು ಬಿಡುವುದಿಲ್ಲ. ಅದೇ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಗಿಸುವ ತಂತ್ರಾಂಶ ಹಾಕಿ, ಅದನ್ನು ಲೋಕಲ್‌ಹೋಸ್ಟ್‌ಗೆ, ಅಂದರೆ ಆ ಯಂತ್ರಕ್ಕೆ ಮಾತ್ರ ಕಿವಿಗೊಡುವಂತೆ ಮಾಡುತ್ತೇನೆ. ಪೋರ್ಟಲ್ ಮೇಲನ್ನು 25ನೇ ಪೋರ್ಟಿನಲ್ಲಿ ಇದಕ್ಕೆ ಕೊಡುತ್ತದೆ, ಇದು 587ರಲ್ಲಿ ಲಾಗಿನ್ ಆಗಿ ಹೊರಗೆ ಕಳಿಸುತ್ತದೆ. ಲೈನ್ ಬಿದ್ದಿದ್ದರೆ, ಅಥವಾ ಹೊರಗಿನ ಸರ್ವರ್ 4ರಿಂದ ಶುರುವಾಗುವ ಕೋಡ್ ಕೊಟ್ಟರೆ, ಅಂದರೆ ‘ಈಗ ಆಗದು, ಆಮೇಲೆ ಬಾ’ ಎಂದರೆ, ಪೋಸ್ಟ್‌ಫಿಕ್ಸ್ ಮೇಲನ್ನು ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದರ ಮೂಲ ಸೆಟ್ಟಿಂಗ್ ಪ್ರಕಾರ 5 ದಿನದವರೆಗೆ ಬಿಡುವುದಿಲ್ಲ. 5ರಿಂದ ಶುರುವಾಗುವ ಕೋಡ್ ಬಂದರೆ ಮಾತ್ರ ಕೈಬಿಟ್ಟು ವಾಪಸ್ ತಿಳಿಸುತ್ತದೆ.

ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನಲ್ಲಿ ಎಡವುವ ಜಾಗಗಳು ಮೂರು. ಮೇಲನ್ನು ಯಾವ ಹೊರಗಿನ ಸರ್ವರ್‌ಗೆ ಕೊಡಬೇಕೆಂದು ಹೇಳುವ ರಿಲೇಹೋಸ್ಟ್ ಸಾಲಿನಲ್ಲಿ ಸರ್ವರ್ ಹೆಸರನ್ನು ಚೌಕ ಆವರಣದೊಳಗೆ ಬರೆದು, ಹೊರಗೆ ಕೋಲನ್ ಮತ್ತು 587 ಹಾಕಬೇಕು. ಆವರಣ ಬಿಟ್ಟರೆ ಅದು ಆ ಹೆಸರಿನ ಎಂಎಕ್ಸ್ ದಾಖಲೆ (ಆ ಹೆಸರಿಗೆ ಬರುವ ಮೇಲ್ ಯಾವ ಸರ್ವರ್‌ಗೆ ಎಂದು ಹೇಳುವ ದಾಖಲೆ) ಹುಡುಕಿಕೊಂಡು ಬೇರೆಲ್ಲೋ ಹೋಗಬಹುದು. ಪಾಸ್‌ವರ್ಡ್ ಕಡತದಲ್ಲೂ ಹೆಸರು ಅಕ್ಷರಶಃ ಹಾಗೆಯೇ, ಆವರಣ ಪೋರ್ಟ್ ಸಮೇತ ಇರಬೇಕು. ಬರೆದ ಮೇಲೆ, ಕಡತವನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಆಜ್ಞೆ ಓಡಿಸಿ, ಬೇರೆಯವರು ಓದದಂತೆ ಕಡತದ ಅನುಮತಿಯನ್ನು 600 ಮಾಡಿ. ಎರಡನೆಯದು, ಲಾಗ್‌ನಲ್ಲಿ ‘ನೋ ಮೆಕಾನಿಸಂ ಅವೈಲಬಲ್’ ಎಂದು ಬಂದರೆ ಪಾಸ್‌ವರ್ಡ್ ಮೇಲೆ ಅನುಮಾನ ಬೇಡ. ಉಬುಂಟುವಿನಲ್ಲಿ (ಸರ್ವರ್‌ನ ಲಿನಕ್ಸ್) ಲಾಗಿನ್ ನೋಡಿಕೊಳ್ಳುವ ಸಾಸಲ್ ಮಾಡ್ಯೂಲ್‌ಗಳ ಪ್ಯಾಕೇಜ್ ಹಾಕಿರುವುದಿಲ್ಲ, ಅಥವಾ ಸಾಸಲ್ ಭದ್ರತಾ ಸಾಲಿನಿಂದ ‘ನೋಪ್ಲೇನ್‌ಟೆಕ್ಸ್ಟ್’ ತೆಗೆದಿರುವುದಿಲ್ಲ. ಆ ಸಾಲಿನಲ್ಲಿ ‘ನೋಅನಾನಿಮಸ್’ ಒಂದನ್ನೇ ಉಳಿಸಿ. ಆದರೆ ಆಗ ಪಾಸ್‌ವರ್ಡ್ ಗೂಢಲಿಪಿ ಇಲ್ಲದೆ ಹರಿದೀತು. ಅದಕ್ಕೆ ಮೂರನೆಯದು: ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್‌ನ ಮಟ್ಟವನ್ನು ‘ಎನ್‌ಕ್ರಿಪ್ಟ್’ (ಕಡ್ಡಾಯ) ಎಂದೇ ಇಡಬೇಕು, ‘ಮೇ’ (ಆದರೆ ಮಾತ್ರ) ಸಾಲದು.

ಇನ್ನು ಪೋರ್ಟಲ್ ಕಡೆ. ಕಂಟ್ರೋಲ್ ಪ್ಯಾನೆಲ್‌ನ ಸರ್ವರ್ ಅಡ್ಮಿನಿಸ್ಟ್ರೇಶನ್‌ನಲ್ಲಿ ಮೇಲ್ ಟ್ಯಾಬ್ ತೆರೆದು ಲೋಕಲ್‌ಹೋಸ್ಟ್, 25 ಬರೆಯಿರಿ, ಯೂಸರ್ ಮತ್ತು ಪಾಸ್‌ವರ್ಡ್ ಖಾಲಿ ಬಿಡಿ. ಸುರಕ್ಷಿತ ಸಂಪರ್ಕ, ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕದ ನಡುವೆ ಟಿಎಲ್‌ಎಸ್ ಶುರುಮಾಡುವುದು) ಎರಡಕ್ಕೂ ಟಿಕ್ ಬೇಡ. ಉಬುಂಟುವಿನ ಪೋಸ್ಟ್‌ಫಿಕ್ಸ್ ಜೊತೆಗೆ ಬರುವ ತಾತ್ಕಾಲಿಕ ಸರ್ಟಿಫಿಕೇಟನ್ನು ಜಾವಾ ನಂಬುವುದಿಲ್ಲ, ಸ್ಟಾರ್ಟ್‌ಟಿಎಲ್‌ಎಸ್ ಹಾಕಿದ ಕೂಡಲೇ ‘ಪಿಕೆಐಎಕ್ಸ್ ಪಾತ್’ ಎರರ್ ಬರುತ್ತದೆ. ಅದೇ ಯಂತ್ರದೊಳಗಿನ ಮಾತುಕತೆಗೆ ಅದು ಬೇಕಾಗಿಯೂ ಇಲ್ಲ. ಪೋರ್ಟಲ್ ಮೇಲ್ ಕಳಿಸಲು ಬಳಸುವ ಜಾವಾಮೇಲ್‌ನ ಹೆಚ್ಚುವರಿ ಸೆಟ್ಟಿಂಗ್ ಪೆಟ್ಟಿಗೆಯಲ್ಲಿ ಸಂಪರ್ಕದ ಟೈಮೌಟ್, ಓದುವ ಟೈಮೌಟ್ ಎರಡಕ್ಕೂ 10000 ಮಿಲಿಸೆಕೆಂಡ್ ಕೊಡುತ್ತೇನೆ. ಕೊಡದಿದ್ದರೆ ಜಾವಾಮೇಲ್ ಎಷ್ಟು ಹೊತ್ತಾದರೂ ಕಾಯುತ್ತಲೇ ಇರುತ್ತದೆ.

ಇಲ್ಲಿ ಸೇವ್ ಒತ್ತಿದ್ದು ಡೇಟಾಬೇಸ್‌ಗೆ ಹೋಗುತ್ತದೆ, ಮತ್ತು ಅದು ಪೋರ್ಟಲ್-ಎಕ್ಸ್‌ಟ್ ಎಂಬ ಸೆಟ್ಟಿಂಗ್ ಕಡತದಲ್ಲಿ ಬರೆದದ್ದನ್ನು ಮೀರುತ್ತದೆ. ಕಡತ ತಿದ್ದಿ ಹತ್ತು ಸಲ ರೀಸ್ಟಾರ್ಟ್ ಮಾಡಿದರೂ ಏನೂ ಬದಲಾಗಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಇದರಲ್ಲೇ ಇನ್ನೊಂದು ಅಪಾಯವೂ ಇದೆ. ಪರೀಕ್ಷೆಗೆಂದು ಅಸಲಿ ಡೇಟಾಬೇಸನ್ನು ಟೆಸ್ಟ್ ಸರ್ವರ್‌ಗೆ ನಕಲು ಮಾಡಿದರೆ ಮೇಲ್ ಸೆಟ್ಟಿಂಗೂ ಜೊತೆಗೇ ಹೋಗುತ್ತದೆ, ನೌಕರರ ವಿಳಾಸಗಳೂ ಹೋಗುತ್ತವೆ. ಟೆಸ್ಟ್ ಯಂತ್ರದಿಂದ ಹೊರಹೋಗುವ 25, 465, 587 ಮೂರನ್ನೂ ಫೈರ್‌ವಾಲ್‌ನಲ್ಲಿ ಮುಚ್ಚಿದ ಮೇಲೆಯೇ ನಕಲು ಮಾಡಿ.

ಕಳಿಸುವವರ ವಿಳಾಸ 587ರಲ್ಲಿ ಲಾಗಿನ್ ಆಗುವ ಖಾತೆಯದ್ದೇ ಆಗಿರಲಿ, ಬೇರೆಯ ಹೆಸರನ್ನು ಹಲವು ಸರ್ವರ್‌ಗಳು ಒಪ್ಪುವುದಿಲ್ಲ. ಮೇಲ್‌ನೊಳಗಿನ ಲಿಂಕ್ ಲೋಕಲ್‌ಹೋಸ್ಟ್ ಎಂದು ತೋರಿದರೆ ಇನ್‌ಸ್ಟನ್ಸ್ ಸೆಟ್ಟಿಂಗ್‌ನ ವರ್ಚುವಲ್ ಹೋಸ್ಟ್, ಅಂದರೆ ಪೋರ್ಟಲ್‌ನ ವೆಬ್ ಹೆಸರು, ಸರಿಪಡಿಸಿ.

ಕನ್ನಡದ ವಿಷಯಸಾಲಿಗೆ ಸ್ವಲ್ಪ ಹೆಚ್ಚು ಗಮನ ಬೇಕು. ‘ಆಯುಧ ಪೂಜೆ ರಜೆ ಅರ್ಜಿ ಮಂಜೂರಾಗಿದೆ’ ಎಂಬ ಸಾಲು ಯುಟಿಎಫ್-8ರಲ್ಲಿ 82 ಬೈಟ್, ಏಕೆಂದರೆ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ 3 ಬೈಟ್. ಮೇಲ್ ಶಿರೋಭಾಗದಲ್ಲಿ ಇದು ಬೇಸ್64 (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ರೀತಿ) ತುಂಡುಗಳಾಗಿ ಹೋಗುತ್ತದೆ, ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಮುಂದಿನ ಹಿಂದಿನ ಗುರುತುಗಳಿಗೆ 12 ಕಳೆದರೆ, ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕಾಗುವುದರಿಂದ, ಒಂದು ತುಂಡಿಗೆ ಸಿಗುವುದು 45 ಬೈಟ್, ಅಂದರೆ ಕನ್ನಡದ 15 ಚಿಹ್ನೆ. ನಾವೇ ಬರೆದ ಸ್ಕ್ರಿಪ್ಟ್ ಬೈಟ್ ಎಣಿಸಿ ಎಲ್ಲೆಂದರಲ್ಲಿ ಕತ್ತರಿಸಿದರೆ ಒಂದು ಅಕ್ಷರ ಎರಡು ಹೋಳಾಗಿ, ಆ ಜಾಗದಲ್ಲಿ ಪ್ರಶ್ನೆ ಚಿಹ್ನೆಯಿರುವ ಕರಿ ವಜ್ರ ಕಾಣುತ್ತದೆ. ಸಾಲು ಪೂರ್ತಿ ಬರೀ ಪ್ರಶ್ನೆ ಚಿಹ್ನೆಗಳಾದರೆ ಕಾರಣ ಬೇರೆ. ಜಾವಾ 8 ಅಥವಾ 11ರಲ್ಲಿ ಸರ್ವಿಸ್ ಆಗಿ ಓಡುವ ಟಾಮ್‌ಕ್ಯಾಟ್‌ಗೆ (ಪೋರ್ಟಲನ್ನು ಓಡಿಸುವ ತಂತ್ರಾಂಶ) ಯುಟಿಎಫ್-8 ಎಂದು ಹೇಳಿಲ್ಲ, ನಮ್ಮ ಮಾಡ್ಯೂಲ್ ಕೂಡ ವಿಷಯಸಾಲು ಹಾಕುವಾಗ ಅಕ್ಷರವಿನ್ಯಾಸ ತಿಳಿಸಿಲ್ಲ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಇರುತ್ತದೆ. ಅದಕ್ಕೂ ಹಿಂದಿನದಾದರೆ ಎರಡೂ ಕಡೆ ನೀವೇ ಬರೆಯಬೇಕು.

ಕೊನೆಯದು ಇಂಟರ್ನೆಟ್ ಲೈನ್. ನಮ್ಮಲ್ಲಿರುವಂತೆ ಲೀಸ್ಡ್ ಲೈನ್ ಜೊತೆಗೆ ಬ್ಯಾಕಪ್ ಬ್ರಾಡ್‌ಬ್ಯಾಂಡ್ ಇದ್ದರೆ, ಲೈನ್ ಬದಲಾದಾಗ ಹೊರಗೆ ಕಾಣುವ ಐಪಿಯೂ ಬದಲಾಗುತ್ತದೆ. ಐಪಿ ನೋಡಿ ಒಳಬಿಡುವ ರಿಲೇ (ಮೇಲನ್ನು ಮುಂದೆ ಸಾಗಿಸುವ ಹೊರಗಿನ ಸರ್ವರ್) ಆಗ 550 ಎಂದು ತಿರಸ್ಕರಿಸುತ್ತದೆ. 550 ಶಾಶ್ವತ ನಿರಾಕರಣೆ, ಕ್ಯೂ ಕೂಡ ಕಾಪಾಡಲಾರದು. ಅದಕ್ಕೇ ನಾನು ಐಪಿ ಪಟ್ಟಿಯನ್ನು ನೆಚ್ಚದೆ ಲಾಗಿನ್ ಬಳಸುವುದು.

ಇಷ್ಟಾದ ಮೇಲೆ ಶಿಫ್ಟ್ ಇಲ್ಲದ ಒಂದು ಭಾನುವಾರ ಎರಡೂ ಲೈನಿನ ಕೇಬಲ್ ಬಿಚ್ಚಿ, ಪೋರ್ಟಲ್‌ನಿಂದ ಐದು ರಜೆ ಅರ್ಜಿ ಮಂಜೂರು ಮಾಡಿ. ಮೇಲ್‌ಕ್ಯೂ ಆಜ್ಞೆಯಲ್ಲಿ ಐದೂ ಕಾಣಬೇಕು. ಬ್ಯಾಕಪ್ ಲೈನನ್ನಷ್ಟೇ ಮೊದಲು ಚುಚ್ಚಿ, ಕ್ಯೂ ಫ್ಲಶ್ ಮಾಡಿ, ಐದೂ ಮೇಲ್ ಒಳಪೆಟ್ಟಿಗೆಗೆ ಬಂದವೇ, ವಿಷಯಸಾಲಿನ ಕನ್ನಡ ಸರಿಯಿದೆಯೇ ನೋಡಿ. ಆಮೇಲೆ ಲೀಸ್ಡ್ ಲೈನ್ ಚುಚ್ಚಿ.